ಟ್ರೈಲರ್ ಕೊಳ್ಳುವ ಮುಂಚೆ ಲೆಕ್ಕ, ಕೊಂಡ ಮೇಲೆ ಕ್ಯಾಟ್ ಸ್ಕೇಲ್

ಕ್ಯಾಟ್ ಸ್ಕೇಲ್ ಅಂದರೆ ಅಮೆರಿಕದ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಇರುವ ವೇ ಬ್ರಿಡ್ಜ್. ದೊಡ್ಡ ಲಾರಿಗಳಿಗೆ ಅಂತ ಮಾಡಿದ್ದು. ಆದರೆ ನಮ್ಮಂಥ ಸಣ್ಣ ಪಿಕಪ್ ಇಟ್ಟುಕೊಂಡು, ಮಲಗಲು, ಅಡುಗೆಗೆ ಜಾಗವಿರುವ ಕ್ಯಾಂಪಿಂಗ್ ಟ್ರೈಲರ್ ಎಳೆಯುವವರಿಗೂ ಇದಕ್ಕಿಂತ ಉಪಯೋಗದ ಸೇವೆ ಇನ್ನೊಂದಿಲ್ಲ. ಹೋದ ತಿಂಗಳು ಸ್ಯಾನ್ ಹೋಸೆಯಿಂದ ಯೊಸೆಮಿಟಿಗೆ ಹೋಗುವಾಗ ಸಾಂಟಾ ನೆಲ್ಲಾದಲ್ಲಿ ತೂಗಿಸಿದೆ. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಯಾಕೆ ಅಂತ ಸ್ವಲ್ಪ ಹಿಂದಿನಿಂದ ಹೇಳಬೇಕು.

ನನ್ನದು 2021ರ ಟೊಯೋಟಾ ಟಕೋಮಾ. ಡಬಲ್ ಕ್ಯಾಬ್, ಫೋರ್ ವೀಲ್ ಡ್ರೈವ್. ಪುಸ್ತಕದ ಪ್ರಕಾರ 6,400 ಪೌಂಡ್ ಎಳೆಯುತ್ತದೆ. ಟ್ರೈಲರ್ ನೋಡಲು ಹೋದ ಮೊದಲ ಅಂಗಡಿಯಲ್ಲಿ ಸೇಲ್ಸ್‌ನವರು 3,900 ಪೌಂಡಿನದೊಂದನ್ನು ತೋರಿಸಿ, 'ನಿಮ್ಮ ಗಾಡಿಗೆ ಇದು ಲೆಕ್ಕಕ್ಕೇ ಇಲ್ಲ' ಅಂದರು. ಅಡ್ವಾನ್ಸ್ ಕೊಡುವುದರಲ್ಲಿದ್ದೆ. ನನ್ನ ಹೆಂಡತಿ ಮಾತ್ರ ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲೆ ಅಂಟಿಸಿದ್ದ ಹಳದಿ ಸ್ಟಿಕ್ಕರ್ ಓದಿದಳು. ಜನ ಮತ್ತು ಸಾಮಾನು ಸೇರಿ 1,045 ಪೌಂಡ್ ಮೀರಬಾರದು. ಅಂದರೆ ಸುಮಾರು 474 ಕೆಜಿ. ಅಷ್ಟೇ.

ಎಳೆಯುವ ತಾಕತ್ತು ಬೇರೆ, ಹೊರುವ ತಾಕತ್ತು ಬೇರೆ. ಟ್ರೈಲರ್ ಬರೀ ಹಿಂದೆ ಉರುಳಿಕೊಂಡು ಬರುವುದಿಲ್ಲ, ಅದರ ಮೂತಿ ನಮ್ಮ ಗಾಡಿಯ ಹಿಂಭಾಗದ ಮೇಲೆ ಕೂರುತ್ತದೆ. ಅದಕ್ಕೆ ಟಂಗ್ ವೇಟ್ ಅನ್ನುತ್ತಾರೆ. ಟ್ರೈಲರ್ ತೂಕದ ಶೇಕಡಾ 10ರಿಂದ 15ರಷ್ಟು. ಅದೂ ಈ 1,045ರಲ್ಲೇ ಬರಬೇಕು. ಆ 6,400ರ ಲೆಕ್ಕ ಹಾಕುವ ಜೆ2807 ಅನ್ನುವ ಪರೀಕ್ಷೆಯಲ್ಲಿ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ ಇದ್ದಾರೆ ಅಂತ ಇಟ್ಟುಕೊಳ್ಳುತ್ತಾರೆ. ನಾವು ನಾಲ್ಕು ಜನ. ನಾನು 172, ಅವಳು 138, ಮಗ 74, ಅಮ್ಮ 126. ಒಟ್ಟು 510. ಪಿಕಪ್‌ನ ಹಿಂದಿನ ತೊಟ್ಟಿಗೆ ಹಾಕಿದ ಮುಚ್ಚಳ, ಅಂದರೆ ಕ್ಯಾನೊಪಿ 160, ಸಾಮಾನು 140. ಅಲ್ಲಿಗೆ 810 ಆಯಿತು. ಉಳಿದದ್ದು 235.

ಬ್ರೋಶರ್‌ನ 3,900 ಖಾಲಿ ತೂಕ. ನೀರೇ ಒಂದು ಗ್ಯಾಲನ್‌ಗೆ 8.3 ಪೌಂಡ್. ನೀರು, ಗ್ಯಾಸ್, ಬ್ಯಾಟರಿ, ಹಾಸಿಗೆ, ಪಾತ್ರೆ ಎಲ್ಲ ಸೇರಿದರೆ 4,700ಕ್ಕೆ ಕಡಿಮೆ ಇಲ್ಲ. ಶೇಕಡಾ 12 ಅಂದರೂ 564 ಪೌಂಡ್ ಗಾಡಿಯ ಮೇಲೆ. ಇರುವ ಜಾಗ 235! ಅಡ್ವಾನ್ಸ್ ಕೊಡದೆ ವಾಪಸ್ ಬಂದೆವು.

ಟಂಗ್ ವೇಟ್ ಕಡಿಮೆ ಮಾಡಲು ಟ್ರೈಲರ್‌ನ ಹಿಂಭಾಗಕ್ಕೆ ಸಾಮಾನು ತುಂಬಿದರೆ ಆಯ್ತಲ್ವಾ ಅಂತ ಮನೆಯಲ್ಲಿ ಕೇಳಿದೆ. ಅಮ್ಮ ಮದ್ದೂರು ಕಡೆಯವರು, ಗಾಡಿಯಲ್ಲಿ ಕಬ್ಬು ಹೇರಿದ್ದನ್ನು ನೋಡಿ ಬೆಳೆದವರು. 'ಹಿಂದಕ್ಕೆ ಹೇರುದ್ರೆ ಮೂಕಿ ಎದ್ದೋಯ್ತದೆ ಕಣ್ ಮಗ. ಎತ್ಗೆ ಉಸ್ರು ಕಟ್ತದೆ. ಮುಂದ್ಕೇ ಹೇರುದ್ರೆ ಕತ್ತು ಮುರಿತದೆ' ಅಂದರು. ಇಲ್ಲೂ ಅದೇ. ಮೂತಿಯ ಭಾರ ಶೇಕಡಾ 10ಕ್ಕಿಂತ ಕಡಿಮೆಯಾದರೆ ಟ್ರೈಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಹೆದ್ದಾರಿಯಲ್ಲಿ ಅದು ಗಾಡಿಯನ್ನೇ ಮಗುಚಬಹುದು. ಹಾಗಾಗಿ ಟ್ರೈಲರೇ ಸಣ್ಣದಿರಬೇಕು.

ಕೊನೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ 16 ಅಡಿಯ ಸ್ಕ್ಯಾಂಪ್ ತಗೊಂಡೆವು. ಮಿನ್ನೆಸೋಟಾದ ಬ್ಯಾಕಸ್ ಅನ್ನುವ ಊರಿನಲ್ಲಿ ತಯಾರಾಗುವ ಫೈಬರ್ ಗ್ಲಾಸ್ ಟ್ರೈಲರ್, ಮೊಟ್ಟೆಯ ಹಾಗೆ ದುಂಡಗಿದೆ. ಕ್ಯಾನೊಪಿ ಬಿಚ್ಚಿ ಗ್ಯಾರೇಜಿನಲ್ಲಿಟ್ಟೆ. 152ನೇ ರಸ್ತೆಯಲ್ಲಿ ಪಚೇಕೊ ಪಾಸ್ ಹತ್ತಿ ಇಳಿದೆವು. ಸ್ಯಾನ್ ಲೂಯಿಸ್ ಜಲಾಶಯದ ಹತ್ತಿರ ಗಾಳಿ ಅಡ್ಡಡ್ಡ ಹೊಡೆಯಿತು. ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು 55 ಮೈಲಿಯಲ್ಲೇ ಹೋದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವವರಿಗೆ ಅದೇ ಮಿತಿ. ಟ್ರೈಲರ್ ಅಲುಗಲಿಲ್ಲ.

ಆದರೂ ಅಂದಾಜು ಅಂದಾಜೇ. ಅದಕ್ಕೇ ತೂಗಿಸಿದ್ದು. ಹಿಂದೆ ಮುಂದೆ ಲಾರಿಗಳು, ನಡುವೆ ನಾವು. ಮುಂದಿನ ಚಕ್ರ ಮೊದಲ ಹಲಗೆಯ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೈಲರ್ ಮೂರನೆಯದರ ಮೇಲೆ ನಿಲ್ಲಿಸಬೇಕು. ಮಾತಾಡುವ ಗುಂಡಿ ಲಾರಿ ಡ್ರೈವರ್ ಕೈಗೆ ಎಟುಕುವ ಎತ್ತರದಲ್ಲಿದೆ. ನಾನು ಫೋನಿನಲ್ಲಿ 'ವೇ ಮೈ ಟ್ರಕ್' ಆಪ್ ಹಾಕಿಕೊಂಡಿದ್ದೆ, ಕೆಳಗಿಳಿಯಲೇ ಇಲ್ಲ. ಒಂದೇ ನಿಮಿಷದಲ್ಲಿ ಚೀಟಿ ಫೋನಿಗೆ ಬಂತು. ಮುಂದೆ 2,760, ಹಿಂದೆ 2,700, ಟ್ರೈಲರ್ 1,980.

ಆಮೇಲೆ ಪಾರ್ಕಿಂಗ್‌ನಲ್ಲಿ ಟ್ರೈಲರ್ ಬಿಚ್ಚಿ, ಎಲ್ಲರನ್ನೂ ಕೂರಿಸಿಕೊಂಡು ಬರೀ ಗಾಡಿ ತೂಗಿಸಿದೆ. ಮುಂದೆ 2,840, ಹಿಂದೆ 2,360. ಮೊದಲ ತೂಕಕ್ಕೆ 15 ಡಾಲರ್ ಆಸುಪಾಸು, 24 ಗಂಟೆಯೊಳಗೆ ಮತ್ತೆ ತೂಗಿಸಿದರೆ ತುಂಬಾ ಕಡಿಮೆ. ಈ ಎರಡನೇ ತೂಕ ಬಿಡಬೇಡಿ. ಎರಡೂ ಚೀಟಿ ಪಕ್ಕಪಕ್ಕ ಇಟ್ಟರೆ ಕತೆ ಪೂರ್ತಿ ಗೊತ್ತಾಗುತ್ತದೆ. ಗಾಡಿ 5,200 ಇದ್ದದ್ದು 5,460 ಆಗಿದೆ, ಅಂದರೆ ಟಂಗ್ ವೇಟ್ 260. ಅದನ್ನು ಟ್ರೈಲರ್ ಚಕ್ರದ 1,980ಕ್ಕೆ ಕೂಡಿಸಿದರೆ ಟ್ರೈಲರ್ ಒಟ್ಟು 2,240, ಅದರಲ್ಲಿ ಟಂಗ್ ವೇಟ್ ಶೇಕಡಾ 11.6. ಹಿಂದಿನ ಚಕ್ರಕ್ಕೆ 340 ಜಾಸ್ತಿಯಾಗಿ, ಮುಂದಿನದು 80 ಹಗುರವಾಗಿದೆ. ಹಿಂದೆ ಕೂತ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ. ಅದು ಅತಿಯಾದರೆ ಸ್ಟೀರಿಂಗ್ ಮತ್ತು ಬ್ರೇಕ್ ಎರಡರ ಹಿಡಿತವೂ ತಪ್ಪುತ್ತದೆ.

ಅಮ್ಮ ಚೀಟಿಯ ಲೆಕ್ಕ ಪೂರ್ತಿ ಕೇಳಿಸಿಕೊಂಡು, 'ಮೂಕಿ ಸರಿಯಾಗ್ ಕೂತದೆ ಬುಡು' ಅಂದರು. ಅಲ್ಲಿಂದ ಮರ್ಸೆಡ್, ಮಾರಿಪೋಸಾ ದಾಟಿ 140ನೇ ರಸ್ತೆಯಲ್ಲಿ ನಿರಾಳವಾಗಿ ಹೋದೆ.

ಗಾಡಿ, ಜನ, ಸಾಮಾನು, ಟಂಗ್ ವೇಟ್ ಎಲ್ಲ ಸೇರಿ ನನ್ನ ಗಾಡಿಯ ಮಿತಿ 5,600. ಉಳಿದಿರುವುದು 140 ಪೌಂಡ್ ಮಾತ್ರ. ಮುಂದಿನ ತಿಂಗಳು ಮೈಸೂರಿನಿಂದ ಮಾವನವರು ಬರುತ್ತಿದ್ದಾರೆ. ಅವರ ತೂಕ 160. ಅವರನ್ನೂ ಮಗನನ್ನೂ ಹೆಂಡತಿ ಕಾರಿನಲ್ಲಿ ಹಿಂದೆ ಕರೆತರುತ್ತಾಳೆ. ಸಾಂಟಾ ನೆಲ್ಲಾದಲ್ಲಿ ಮತ್ತೆ ತೂಗಿಸುತ್ತೇನೆ.