ಕಣದಲ್ಲಿ ಕುಳಿತು ಹೀಬ್ರೂ ಓದು: ಮುಳಬಾಗಿಲು ಸೀಮೆಯ ತೋಟವೊಂದರ ವಸತಿ ಪಾಠ

ಆವಣಿ ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಅಂಚಿಗೆ, ಆರು ಎಕರೆಯ ತೋಟವೊಂದಿದೆ. ವರ್ಷಕ್ಕೊಮ್ಮೆ, ರಾಗಿ ಕುಯ್ಲು ಮುಗಿದು ಕಣದ ಕೆಲಸ ಶುರುವಾಗುವ ಡಿಸೆಂಬರಿನಲ್ಲಿ, ಪ್ರಾಚೀನ ಹೀಬ್ರೂ ಭಾಷೆಯ ಧರ್ಮಗ್ರಂಥವನ್ನು ಮೂಲದಲ್ಲಿ ಓದಬಯಸುವವರಿಗಾಗಿ ಅಲ್ಲಿ 12 ದಿನಗಳ ವಸತಿ ಪಾಠ ನಡೆಯುತ್ತದೆ. ತೋಟಕ್ಕೆ ಫಲಕವಿಲ್ಲ, ನಡೆಸುವ ದಂಪತಿ ಪ್ರಚಾರವನ್ನು ಬಯಸುವುದಿಲ್ಲವಾದ್ದರಿಂದ ನಾನೂ ಅವರ ಹೆಸರನ್ನು ಬರೆಯುತ್ತಿಲ್ಲ. ಬಾಯಿಂದ ಬಾಯಿಗೆ ಸುದ್ದಿ ತಿಳಿದು ಬರುವವರೇ ಹೆಚ್ಚು. ಊಟ, ವಸತಿ, ಪುಸ್ತಕಗಳ ಬಳಕೆ ಎಲ್ಲವೂ ಸೇರಿ 9,000 ರೂಪಾಯಿ. ಕಳೆದ ಡಿಸೆಂಬರಿನಲ್ಲಿ ನಾನು ಅಲ್ಲಿದ್ದು ಬಂದೆ. ಹೋಗಬೇಕೆಂದಿರುವವರಿಗೆ ಪ್ರಯೋಜನವಾಗಲೆಂದು ಕಂಡದ್ದನ್ನು ಕಂಡಂತೆ ಬರೆಯುತ್ತಿದ್ದೇನೆ.

ನಾನು ಬಂಗಾರಪೇಟೆಯ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದರು; ಅಜ್ಜಿ ದಿನವೂ ದೀಪ ಹಚ್ಚಿದ ಮೇಲೆ ನನ್ನ ಕೈಯಲ್ಲಿ ಸತ್ಯವೇದವನ್ನು, ಅಂದರೆ ಕನ್ನಡ ಬೈಬಲ್ಲನ್ನು, ಓದಿಸುತ್ತಿದ್ದರು. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ಮೇಲೆ, ಅಜ್ಜಿ ಕೇಳಿದ ಆ ಮಾತುಗಳು ತಮ್ಮ ಸ್ವಂತ ಭಾಷೆಯಲ್ಲಿ ಹೇಗಿವೆಯೆಂದು ತಿಳಿಯುವ ಹಂಬಲ ಬಲವಾಯಿತು. 22 ವ್ಯಂಜನಗಳನ್ನೂ, ಪದದ ಕೊನೆಯಲ್ಲಿ ರೂಪ ಬದಲಿಸುವ ಐದು ಅಕ್ಷರಗಳನ್ನೂ ಮನೆಯಲ್ಲಿಯೇ ಕಲಿತಿದ್ದೆ. ಬಲದಿಂದ ಎಡಕ್ಕೆ ತಡವರಿಸಿ ಓದಬಲ್ಲವಳಾಗಿದ್ದೆ, ಆದರೆ ಓದಿದ್ದು ಮನಸ್ಸಿಗೆ ಇಳಿಯುತ್ತಿರಲಿಲ್ಲ.

ನಾವು 11 ಮಂದಿ ಇದ್ದೆವು. ಪಾಠ ಹೇಳುವ ಅಧ್ಯಾಪಕರು ದೈವಶಾಸ್ತ್ರ ಕಾಲೇಜೊಂದರಲ್ಲಿ ಬಹುಕಾಲ ಬೈಬಲ್ಲಿನ ಹೀಬ್ರೂ ಭಾಗವಾದ ಹಳೆಯ ಒಡಂಬಡಿಕೆಯನ್ನು ಕಲಿಸಿ ನಿವೃತ್ತರಾದವರು. ಬೆಳಿಗ್ಗೆ ಆರೂವರೆಗೆ ಗಟ್ಟಿಯಾಗಿ ಓದುವ ಅಭ್ಯಾಸ, ಒಂಬತ್ತರಿಂದ ಹನ್ನೆರಡರವರೆಗೆ ತೋಟದ ಕೆಲಸ, ಎರಡರಿಂದ ನಾಲ್ಕರವರೆಗೆ ವ್ಯಾಕರಣ, ಹೊತ್ತು ಇಳಿದ ಮೇಲೆ ಕಣದಲ್ಲಿ ಕುಳಿತು ಅಂದಿನ ಭಾಗದ ಓದು. ಕೆಲಸ ಎಂದರೆ ತೋರಿಕೆಯ ಕೆಲಸವಲ್ಲ. ಈಗ ನಮ್ಮ ಜಿಲ್ಲೆಯಲ್ಲಿ ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹಾಸಿ ಬಸ್ಸು ಲಾರಿಗಳಿಂದ ತುಳಿಸುವುದೇ ರೂಢಿಯಾಗಿರುವಾಗ, ಇವರು ಇನ್ನೂ ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ತೆನೆಯ ಮೇಲೆ ಕಲ್ಲಿನ ಗುಂಡು ಹೊಡೆಯುತ್ತಾರೆ. ಆ ಕೆಲಸದಲ್ಲಿ ನಮಗೂ ಪಾಲಿತ್ತು.

ಐದನೆಯ ದಿನ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪಾಠದ ಸತ್ವ ಅದರಲ್ಲಿದೆ. ಮಧ್ಯಾಹ್ನದ ವೇಳೆಗೆ ಗುಂಡು ಹೊಡೆದು, ಹುಲ್ಲು ಕೊಡವಿ, ಹೊಟ್ಟು ಬೆರೆತ ರಾಗಿಯನ್ನು ರಾಶಿ ಮಾಡಿದ್ದಾಗಿತ್ತು. ನಾನು ಉತ್ಸಾಹದಿಂದ ಮೊರ ತುಂಬಿ ತಲೆಯೆತ್ತರಕ್ಕೆ ಎತ್ತಲು ಹೋದಾಗ ತೋಟದ ಹಿರಿಯ ಹೆಂಗಸು ಕೈ ಹಿಡಿದು ನಿಲ್ಲಿಸಿದರು. "ಗಾಳಿ ಬರ್ಲಿ ತಾಳಮ್ಮ. ಸುಮ್ನೆ ಎತ್ತಿದ್ರೆ ಹೊಟ್ಟೆಲ್ಲ ಕಾಲತ್ರಾನೇ ಬೀಳ್ತದೆ" ಎಂದರು. ನಾವೆಲ್ಲ ರಾಶಿಯ ಸುತ್ತ ಕುಳಿತೆವು. ಅಧ್ಯಾಪಕರು ರೂತಳ ಗ್ರಂಥದ ಮೂರನೆಯ ಅಧ್ಯಾಯದ ಎರಡನೆಯ ವಚನವನ್ನು ತೆಗೆಯಲು ಹೇಳಿದರು: "ಹಿನ್ನೇ ಹೂ ಝೋರೆ ಎತ್ ಗೋರೆನ್ ಹಸ್ಸೆಓರೀಮ್ ಹಲ್ಲಾಯ್ಲಾ." ಝೋರೆ ಎಂದರೆ ತೂರುತ್ತಿದ್ದಾನೆ, ಗೋರೆನ್ ಎಂದರೆ ಕಣ, ಸೆಓರೀಮ್ ಎಂದರೆ ಜವೆಗೋಧಿ, ಲಾಯ್ಲಾ ಎಂದರೆ ರಾತ್ರಿ. ಹೊಲದ ಒಡೆಯನಾದ ಬೋವಜನು ರಾತ್ರಿ ಕಣದಲ್ಲಿ ಜವೆಗೋಧಿ ತೂರುತ್ತಾನೆ ಎಂಬ ಮಾತನ್ನು ನಾನು ಅಜ್ಜಿಗೆ ಎಷ್ಟು ಸಲ ಓದಿ ಹೇಳಿದ್ದೇನೋ ಲೆಕ್ಕವಿಲ್ಲ. ರಾತ್ರಿಯೇ ಏಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಐದೂವರೆಯ ಹೊತ್ತಿಗೆ ಬೆಟ್ಟದ ಕಡೆಯಿಂದ ಗಾಳಿ ಎದ್ದಿತು. ಆ ಹೆಂಗಸು ಎದ್ದು ಮೊರವನ್ನು ತಲೆಗಿಂತ ಮೇಲಕ್ಕೆ ಹಿಡಿದು, ಅಂಚನ್ನು ಒಂದಿಷ್ಟೇ ಬಾಗಿಸಿ, ಅಲುಗಿಸುತ್ತ ಸುರಿಯತೊಡಗಿದರು. ರಾಗಿ ಕಾಳು ದಾರ ಬಿಟ್ಟ ಹಾಗೆ ನೇರವಾಗಿ ಕೆಳಗಿಳಿಯಿತು; ಹೊಟ್ಟು ಮಾತ್ರ ಗಾಳಿಗೆ ಸಿಕ್ಕಿ ಒಂದು ಮಾರು ಆಚೆಗೆ ಹೋಗಿ ಬಿದ್ದು ತೆಳ್ಳನೆಯ ಸಾಲಾಯಿತು. ಆಗ ಬೈಬಲ್ಲಿನ ಮೊದಲನೆಯ ಕೀರ್ತನೆಯಲ್ಲಿ ದುಷ್ಟರನ್ನು ಹೋಲಿಸಿರುವ 'ಮೋತ್ಸ್', ಅಂದರೆ ಹೊಟ್ಟು, ಎಂಬ ಪದಕ್ಕೆ ನಿಘಂಟು ಬೇಕಾಗಲಿಲ್ಲ. ಅದನ್ನು ಅಟ್ಟಿಕೊಂಡು ಹೋಗುವುದು 'ರೂಅಹ್'. ಗಾಳಿ, ಉಸಿರು, ಆತ್ಮ ಮೂರಕ್ಕೂ ಹೀಬ್ರೂವಿನಲ್ಲಿ ಇದೊಂದೇ ಪದ. ನಮ್ಮೊಡನಿದ್ದ ಶ್ರೀನಿವಾಸಪುರದ ಅರಬ್ಬಿ ಅಧ್ಯಾಪಕರೊಬ್ಬರು, ತಮ್ಮಲ್ಲಿ ಆತ್ಮಕ್ಕೆ 'ರೂಹ್' ಎನ್ನುತ್ತಾರೆಂದೂ ಗಾಳಿಗೆ ಹೇಳುವ 'ರೀಹ್' ಅದೇ ಧಾತುವಿನದೆಂದೂ ನೆನಪಿಸಿದರು. ಮತ್ತೆ ಬೈಬಲ್ಲಿನ ಮೊದಲ ಗ್ರಂಥವಾದ ಆದಿಕಾಂಡದ ಮೂರನೆಯ ಅಧ್ಯಾಯಕ್ಕೆ ಹೋದೆವು. ದೇವರು ತೋಟದಲ್ಲಿ ನಡೆದಾಡುವ ಸದ್ದು ಆದಮನಿಗೆ ಕೇಳಿಸಿದ್ದು 'ಲೆರೂಅಹ್ ಹಯ್ಯೋಮ್', ಅಕ್ಷರಶಃ ಹೇಳುವುದಾದರೆ 'ದಿನದ ಗಾಳಿಗೆ'. ಅನುವಾದಗಳಲ್ಲಿ ಇದು ತಂಪು ಹೊತ್ತು ಎಂದಾಗುವುದುಂಟು, ತಪ್ಪೇನಲ್ಲ. ಆದರೆ ಗಾಳಿಗಾಗಿ ಎರಡು ಗಂಟೆ ಕಾದು ಕುಳಿತವರಿಗೆ ಅದು ಹೊತ್ತನ್ನು ಗುರುತಿಸುವ ಮಾತು ಎಂಬುದು ಬಿಡಿಸಿ ಹೇಳದೆಯೇ ಅರ್ಥವಾಗುತ್ತದೆ.

ಕನ್ನಡದವರಿಗೆ ಈ ಪಾಠದಿಂದ ದೊರೆಯುವ ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು 'ಲೆಓವ್ದಾಹ್ ಉಲೆಶೋಮ್ರಾಹ್' ಎಂದು ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿದೆ. ಎರಡನೆಯ ಪದದ ಧಾತುವಿಗೆ ಕಾಯುವುದು ಎಂದರ್ಥ; ಮೊದಲ ಪದದ ಧಾತು 'ಅವದ್'. ಅದಕ್ಕೆ ಉಳುವುದು, ದುಡಿಯುವುದು ಎಂಬ ಅರ್ಥವೂ ಇದೆ, ಸೇವೆ ಮಾಡುವುದು, ಆರಾಧಿಸುವುದು ಎಂಬ ಅರ್ಥವೂ ಇದೆ. ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಇಸ್ರಾಯೇಲರು ಮಾಡಿದ ಬಿಟ್ಟಿ ದುಡಿಮೆಗೂ, ಅವರು ಬೆಟ್ಟದ ಬಳಿ ದೇವರಿಗೆ ಸಲ್ಲಿಸಬೇಕಾದ ಆರಾಧನೆಗೂ ವಿಮೋಚನಕಾಂಡದಲ್ಲಿ ಇದೇ ಧಾತು. ಒಂದೇ ಪದ ಎರಡನ್ನೂ ಹೇಗೆ ಹೊರುತ್ತದೆ ಎಂದು ನಾವು ಚರ್ಚಿಸುತ್ತಿದ್ದಾಗ, ತೋಟದ ಯಜಮಾನರು ಹೊರಗೆ ಯಾರಿಗೋ "ಆ ಹೊಲ ಈ ವರ್ಷ ಯಾರೂ ಗೇಯ್ಲಿಲ್ಲ" ಎಂದರು. ಹೊಲ ಗೇಯುವುದು, ಗೇಮೆ, ಸೇವೆಗೈಯುವುದು, ಪೂಜೆಗೈಯುವುದು: ಎಲ್ಲವೂ 'ಗೆಯ್' ಎಂಬ ಹಳಗನ್ನಡ ಧಾತುವಿನಿಂದ ಬಂದವು. ಮೂವತ್ತು ವರ್ಷ ಕನ್ನಡ ಕಲಿಸಿದ ನನಗೆ ಇವೆರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಸಂದರ್ಭ ಬಂದಿರಲಿಲ್ಲ. 'ಅದನ್ನು ಗೇಯುವುದಕ್ಕೂ ಕಾಯುವುದಕ್ಕೂ' ಎಂದು ನಾನು ಹಾಳೆಯ ಅಂಚಿನಲ್ಲಿ ಬರೆದುಕೊಂಡೆ. ಅಧ್ಯಾಪಕರು ಅದನ್ನು ಮೆಚ್ಚಿಕೊಂಡು, ಇವೇ ಎರಡು ಧಾತುಗಳು ಬೈಬಲ್ಲಿನ ಅರಣ್ಯಕಾಂಡದ ಮೂರನೆಯ ಅಧ್ಯಾಯದಲ್ಲಿ ದೇವಸೇವೆಗೆ ಮೀಸಲಾದ ಕುಲದವರಾದ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡುವ ಸೇವೆಗೆ ಒಟ್ಟಿಗೆ ಬರುತ್ತವೆಂದು ತೋರಿಸಿದರು. ಒಡನೆಯೇ, ಎರಡು ಭಾಷೆಗಳ ಪದಗಳು ಒಂದೇ ಹಾದಿಯಲ್ಲಿ ನಡೆದ ಮಾತ್ರಕ್ಕೆ ಅವುಗಳಿಗೆ ನಂಟು ಕಲ್ಪಿಸಬಾರದೆಂದು ಎಚ್ಚರಿಸಿದರು.

ಅವರ ಈ ಎಚ್ಚರವನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. ಧರ್ಮೋಪದೇಶಕಾಂಡದ 11ನೆಯ ಅಧ್ಯಾಯದಲ್ಲಿ ಬರುವ 'ಯೋರೆ' ಮತ್ತು 'ಮಲ್ಕೋಶ್' ಮಳೆಗಳನ್ನು ಮುಂಗಾರು, ಹಿಂಗಾರು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಇಸ್ರಾಯೇಲರ ಆ ನಾಡಿನಲ್ಲಿ ಬೇಸಿಗೆಯಿಡೀ ಒಣಗಿದ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಬಿತ್ತನೆಗೆ ನೆಲವನ್ನು ಹದಮಾಡುವುದು ಮೊದಲನೆಯದು. ಮಾರ್ಚ್, ಏಪ್ರಿಲಿನಲ್ಲಿ ಸುಗ್ಗಿಗೆ ಮುನ್ನ ಕಾಳು ತುಂಬಿಸುವುದು ಎರಡನೆಯದು. ನಮ್ಮ ಹಿಂಗಾರಿನ ತಿಂಗಳುಗಳಲ್ಲಿ ಅವರ ಮೊದಲ ಮಳೆ. ಇದನ್ನು ಮನಗಾಣಿಸಲು ಅಧ್ಯಾಪಕರು 1908ರಲ್ಲಿ ಆ ನಾಡಿನ ಗೆಜೆರ್ ಎಂಬಲ್ಲಿ ಸಿಕ್ಕ, ಈಗ ಇಸ್ತಾಂಬುಲಿನಲ್ಲಿರುವ ಸುಣ್ಣಕಲ್ಲಿನ ಫಲಕದ ನಕಲನ್ನು ಗೋಡೆಗೆ ಹಚ್ಚಿದ್ದರು. ಕ್ರಿಸ್ತಪೂರ್ವ 10ನೆಯ ಶತಮಾನದ್ದೆಂದು ಹೇಳುವ ಆ ಫಲಕದಲ್ಲಿ ವರ್ಷವೆಂದರೆ ಬೇಸಾಯದ ಪಟ್ಟಿ: ಎರಡು ತಿಂಗಳು ಫಲಸಂಗ್ರಹ, ಎರಡು ಬಿತ್ತನೆ, ಎರಡು ತಡಬಿತ್ತನೆ, ಒಂದು ಅಗಸೆ ಕೀಳುವುದು, ಒಂದು ಜವೆಗೋಧಿ ಕುಯ್ಲು, ಹೀಗೆ ಹನ್ನೆರಡು. ಅದರ ಕೆಳಗೆ ತೋಟದವರು ಭರಣಿಯಿಂದ ಹಿಡಿದು ನಮ್ಮ ಮಳೆ ನಕ್ಷತ್ರಗಳನ್ನು ಬರೆದಿದ್ದರು. ಅದೇ ಅಧ್ಯಾಯ, ಕಾಲಿನಿಂದ ನೀರು ಹಾಯಿಸುವ ಐಗುಪ್ತದ ಹಾಗಲ್ಲದೆ ಆಕಾಶದ ಮಳೆಯ ನೀರನ್ನೇ ಕುಡಿಯುವ ನಾಡು ಎಂದು ಹೇಳುವಾಗ, ಜೀವನದಿಯಿಲ್ಲದೆ ಕೆರೆಗಳನ್ನೇ ನಂಬಿ ಬದುಕಿದ ಕೋಲಾರದವರಿಗೆ ವ್ಯಾಖ್ಯಾನ ಬೇಕಿಲ್ಲ.

ಹಕ್ಕಲು ಆಯುವುದು, ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕದಿರುವುದು ಇವೂ ಪಾಠದಲ್ಲಿ ಬಂದವು. ಕೈಯಾರೆ ಮಾಡಿದ ಕೆಲಸವಾದ್ದರಿಂದ ಬೇಗ ಮುಗಿದವು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ಸಬ್ಬತ್ತಿನ ಬಿಡುವು. ದನಕರುಗಳಿಗೂ ಬಿಡುವು ಕೊಡಬೇಕೆಂಬ ಹತ್ತು ಆಜ್ಞೆಗಳ ಮಾತನ್ನು ಅಂದು ಓದಿದೆವು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವೆಂಬುದು ಆ ಹಳ್ಳಿಯ ಹಳೆಯ ಕಟ್ಟು. ತೋಟದವರು ಅದನ್ನೂ ಬಿಟ್ಟಿಲ್ಲ. ಹೀಗಾಗಿ ವಾರದಲ್ಲಿ ಎರಡು ದಿನ ಎತ್ತುಗಳು ಕೊಟ್ಟಿಗೆಯಲ್ಲೇ ಮೆಲುಕು ಹಾಕಿದವು, ಕಣದ ಕೆಲಸ ಹಿಂದೆ ಬಿತ್ತು. ನನಗೆ ಅದು ಕೊರತೆಯೆನಿಸಲಿಲ್ಲ.

ಕೊರತೆಗಳು ಬೇರೆ ಇವೆ. ಅವುಗಳಲ್ಲಿ ದೊಡ್ಡದು ವ್ಯಾಕರಣದ ಸಮಯ. ಹೀಬ್ರೂ ಕ್ರಿಯಾಪದಕ್ಕೆ ಏಳು ಮುಖ್ಯ ಪ್ರಯೋಗರೂಪಗಳಿವೆ; ಮೂರಕ್ಷರದ ಒಂದೇ ಧಾತು ಅವುಗಳಲ್ಲಿ ಹಾಯ್ದು ಅರ್ಥ ಬದಲಿಸುತ್ತದೆ. ಇದನ್ನು ಮೂರು ಮಧ್ಯಾಹ್ನಗಳಲ್ಲಿ ಮುಗಿಸಿದರು. ಅಕ್ಷರವನ್ನೇ ಕಲಿಯದೆ ಬಂದಿದ್ದ ನಾಲ್ವರು ಆರನೆಯ ದಿನದಿಂದ ಪುಸ್ತಕ ಮುಚ್ಚಿ ಕೇಳುತ್ತ ಕುಳಿತುಬಿಟ್ಟರು. ಅವರಿಗಾಗಿ ಪ್ರತ್ಯೇಕ ತರಗತಿ ಇರಬೇಕಿತ್ತು. ಎರಡನೆಯದು, ಕೈಗೆ ಕೊಟ್ಟ ಹಾಳೆಗಳು. ಹೀಬ್ರೂವಿನಲ್ಲಿ ಸ್ವರಗಳು ಅಕ್ಷರದ ಅಡಿಯಲ್ಲೋ ಮೇಲೋ ಇಡುವ ಚುಕ್ಕೆಗೆರೆಗಳು. ನಮ್ಮ ಗುಣಿತದ ಹಾಗೆ ಅಕ್ಷರಕ್ಕೆ ಅಂಟಿಕೊಂಡವಲ್ಲ. ಮುದ್ರಣದಲ್ಲಿ ಅವು ಎಷ್ಟೋ ಕಡೆ ಉದುರಿಹೋಗಿದ್ದವು, ಕೆಲವು ಕಡೆ ಪಕ್ಕದ ಅಕ್ಷರದಡಿಗೆ ಸರಿದಿದ್ದವು. ದಾಲೆತ್, ಬೇತ್, ರೇಶ್ ಎಂಬ ಮೂರು ಅಕ್ಷರಗಳನ್ನು 'ದಾವಾರ್' ಎಂದು ಓದಿದರೆ ಮಾತು, 'ದೆವೆರ್' ಎಂದು ಓದಿದರೆ ಮಾರಿರೋಗ. ಚುಕ್ಕೆಯಿಲ್ಲದ ಹಾಳೆಯಲ್ಲಿ ಹೊಸಬರು ಯಾವುದೆಂದು ತಿಳಿಯಬೇಕು? ಈ ಚುಕ್ಕೆಗಳನ್ನು ತಿಬೇರಿಯ ಊರಿನ, ಮಸೊರೆಟಿಕ್ ಎಂದು ಕರೆಯುವ ಯೆಹೂದಿ ಪಂಡಿತರು ತಲೆಮಾರುಗಳ ಕಾಲ ಕಾಪಾಡಿ ಕೊಟ್ಟಿದ್ದಾರೆ. ಅವನ್ನು ಇಷ್ಟು ಅಲಕ್ಷ್ಯದಿಂದ ಅಚ್ಚು ಹಾಕಿದ್ದು ನನಗೆ ನೋವಾಯಿತು, ಹಾಗೆಂದು ನೇರವಾಗಿ ಹೇಳಿಯೂ ಬಂದೆ. ಓದಲು ಕೊಡುವ ಮೂಲಗ್ರಂಥ ಮಾತ್ರ ಒಳ್ಳೆಯದು: 1008ರ ಲೆನಿನ್‌ಗ್ರಾಡ್ ಹಸ್ತಪ್ರತಿಯನ್ನು ಆಧರಿಸಿದ ಸ್ಟುಟ್‌ಗಾರ್ಟ್ ಆವೃತ್ತಿ. ಅದರ ಅಡಿಟಿಪ್ಪಣಿಗಳು ಲ್ಯಾಟಿನ್ ಸಂಕ್ಷೇಪಗಳಲ್ಲಿವೆ. ಅವನ್ನು ಓದುವ ಕ್ರಮವನ್ನು ಯಾರೂ ಹೇಳಿಕೊಡಲಿಲ್ಲ.

ವಸತಿ ಸರಳ. ಹೆಂಗಸರು ಐದು ಮಂದಿಗೆ ಒಂದೇ ಬಚ್ಚಲು, ಸೌದೆ ಉರಿಯ ಹಂಡೆ ನೀರು. ರಾತ್ರಿ ಸೌರದೀಪದ ಬೆಳಕಿನಲ್ಲಿ ಸಣ್ಣ ಚುಕ್ಕೆಗಳು ಕಾಣುವುದಿಲ್ಲ, ಆದ್ದರಿಂದ ಓದನ್ನು ಹಗಲಿನಲ್ಲೇ ಮುಗಿಸಿಕೊಳ್ಳಬೇಕು. ಊಟದ ಬಗ್ಗೆ ಒಂದು ಮಾತೂ ಎತ್ತುವಂತಿಲ್ಲ: ಮುದ್ದೆ, ಹುರುಳಿ ಬಸ್ಸಾರು, ಮಸೊಪ್ಪು, ಹಿದುಕಿದ ಅವರೆಯ ಸಾರು. ಬೆಳಗಿನ ಓದು ಅವರೆ ಸಾಲಿನ ಪಕ್ಕದಲ್ಲಿ ನಡೆಯುತ್ತಿತ್ತು. ಇಬ್ಬನಿ ಬಿದ್ದರೆ ಅವರೆಗೆ ಸೊಗಡು ಕೂಡುತ್ತದೆಂದು ತೋಟದವರು ಹೇಳುತ್ತಿದ್ದ ಹೊತ್ತಿನಲ್ಲೇ, ಇಸ್ರಾಯೇಲರ ಪ್ರೀತಿ ಬೇಗನೆ ಎದ್ದು ಹೊರಟುಹೋಗುವ ಇಬ್ಬನಿಯಂತೆ ಎಂದು ಪ್ರವಾದಿ ಹೋಶೇಯನು ನೊಂದು ನುಡಿಯುವ ಮಾತನ್ನು ನಾವು ಓದಿದೆವು. 'ತಲ್' ಎಂದರೆ ಇಬ್ಬನಿ. ಓದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಎಲೆಗಳ ಮೇಲಿನದು ಆರಿಹೋಗಿತ್ತು.

ಅಕ್ಷರ ಮತ್ತು ಸ್ವರಚಿಹ್ನೆಗಳನ್ನು ಮನೆಯಲ್ಲಿಯೇ ಕಲಿತು, ನೂರು ಇನ್ನೂರು ಪದಗಳನ್ನಾದರೂ ಬಾಯಿಪಾಠ ಮಾಡಿಕೊಂಡು ಹೋಗುವವರಿಗೆ ಈ ಪಾಠವನ್ನು ನಾನು ಮನಸಾರೆ ಸೂಚಿಸುತ್ತೇನೆ. ಅಕ್ಷರದಿಂದ ಶುರುಮಾಡುವವರು ಸದ್ಯ ಹೋಗದಿರುವುದು ಲೇಸು. ಯಾವ ಮತದವರಾದರೂ ಹೋಗಬಹುದು. ಪ್ರಾರ್ಥನೆಗೆ ಕೂರಲೇಬೇಕೆಂಬ ಒತ್ತಾಯವಿಲ್ಲ. ಮಂಡಿನೋವಿದ್ದವರು ಮೊದಲೇ ತಿಳಿಸಿದರೆ ಕಣದಲ್ಲಿ ಕುರ್ಚಿ ಹಾಕಿಕೊಡುತ್ತಾರೆ. ಡಿಸೆಂಬರಿನ ಚಳಿಗೆ ಅಲ್ಲಿಯ ಹೊದಿಕೆ ಸಾಲದು, ಕಂಬಳಿಯನ್ನು ನಾವೇ ಒಯ್ಯಬೇಕು. ಮುಂದಿನ ಕುಯ್ಲಿಗೆ ಮತ್ತೆ ಬರುವುದಾಗಿ ಹೆಸರು ಬರೆಸಿ ಬಂದಿದ್ದೇನೆ. ಆ ಹಾಳೆಗಳ ಚುಕ್ಕೆಗಳನ್ನು ತಿದ್ದಿಕೊಡುವುದಾಗಿ ಒಪ್ಪಿಕೊಂಡು, ಒಂದು ಕಟ್ಟನ್ನು ಮನೆಗೆ ತಂದಿದ್ದೇನೆ.