ಬಾಂಡ್ ಪೇಪರಿಗೆ ಸಹಿ ಹಾಕಿದರೆ ಡೈವೋರ್ಸ್ ಆಗುವುದಿಲ್ಲ

ಉಡುಪಿ, ಮಂಗಳೂರು ಕಡೆಯ ಅಕ್ಕ-ತಂಗಿಯರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಡೈವೋರ್ಸ್ ಆಗಿದೆ ಎಂದೇ ಎರಡು ವರ್ಷ ನಂಬಿದ್ದೆ. ಆಗಿರಲಿಲ್ಲ.

2022ರಲ್ಲಿ ನಾನೂ ಗಂಡನೂ ಬೇರೆಯಾಗುವ ತೀರ್ಮಾನಕ್ಕೆ ಬಂದೆವು. ದೊಡ್ಡ ಜಗಳವೇನೂ ಇರಲಿಲ್ಲ, ಹೊಂದಾಣಿಕೆ ಆಗಲಿಲ್ಲ ಅಷ್ಟೆ. ಬ್ರಹ್ಮಾವರದ ನಮ್ಮ ಮನೆಯ ಚಾವಡಿಯಲ್ಲಿ ಎರಡೂ ಕಡೆಯ ಹಿರಿಯರು ಕೂತರು. "ಕೋರ್ಟು ಎಂತಕ್ಕೆ ಮಗಾ? ನಾಲ್ಕು ಜನರ ಎದುರು ಬರೆದು ಕೊಟ್ಟರೆ ಆಯ್ತಲ್ಲ" ಎಂದರು ಮಾವ. ಪತ್ರ ಬರೆಯುವವರೊಬ್ಬರು ಬಾಂಡ್ ಪೇಪರಿನಲ್ಲಿ ಟೈಪ್ ಮಾಡಿಸಿದರು. ನೋಟರಿ ಸೀಲು ಬಿತ್ತು. ಎಂಟು ಸಾವಿರ ತೆಗೆದುಕೊಂಡು "ಇನ್ನು ನಿಮಗೆ ಬಿಡುಗಡೆ" ಎಂದರು. ಮುಂದೆ ಏನನ್ನೂ ಕೇಳುವುದಿಲ್ಲ ಎಂಬ ಸಾಲೂ ಅದರಲ್ಲಿತ್ತು. ನನ್ನ ಚಿನ್ನ ಗಂಡನ ಮನೆಯವರ ಲಾಕರಿನಲ್ಲೇ ಉಳಿಯಿತು.

2024ರಲ್ಲಿ ಒಂದು ಸಂಬಂಧ ಬಂತು. ಹುಡುಗನ ಮನೆಯವರು ಕೋರ್ಟಿನ ಡಿಕ್ರಿ, ಅಂದರೆ ಡೈವೋರ್ಸ್ ಆದೇಶ, ಕೇಳಿದರು. ನಾನು ಆ ಪೇಪರನ್ನು ಉಡುಪಿಯ ವಕೀಲರೊಬ್ಬರಿಗೆ ತೋರಿಸಿದೆ. ಅವರು ಎರಡು ಸಲ ಓದಿ, "ಅಮ್ಮಾ, ಕಾನೂನಿನ ಲೆಕ್ಕದಲ್ಲಿ ನೀವು ಇನ್ನೂ ಅವರ ಹೆಂಡತಿಯೇ" ಎಂದರು. ಈ ಸ್ಥಿತಿಯಲ್ಲಿ ಇನ್ನೊಂದು ಮದುವೆ ಆದರೆ ಅದು ಅಪರಾಧವಂತೆ. ನನಗೆ ಕೈಕಾಲು ತಣ್ಣಗಾಯಿತು. ಆ ಸಂಬಂಧವೂ ತಪ್ಪಿ ಹೋಯಿತು.

ಅವರು ಬಿಡಿಸಿ ಹೇಳಿದ್ದನ್ನು ಬರೆಯುತ್ತೇನೆ. ಒಬ್ಬರ ಮೇಲೊಬ್ಬರು ತಪ್ಪು ಹೊರಿಸದೆ ಬೇರೆಯಾಗಲು ಹಿಂದೂ ವಿವಾಹ ಕಾಯ್ದೆಯಲ್ಲಿ 13ಬಿ ಎಂಬ ಕಲಮು ಇದೆ. ಅದಕ್ಕೆ ಇಬ್ಬರ ಒಪ್ಪಿಗೆಯೂ ಬೇಕು, ಒಬ್ಬರು ಒಪ್ಪಿದರೆ ಸಾಲದು. ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಇಬ್ಬರೂ ಸೇರಿ ಕೋರ್ಟಿಗೆ ಅರ್ಜಿ ಹಾಕಿ, ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ, ಮತ್ತೆ ಹೋಗಿ ಒಪ್ಪಿಗೆ ಹೇಳಬೇಕು. ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಅದಕ್ಕೆ ಒಂದೂವರೆ ವರ್ಷದಿಂದ ಬೇರೆ ಇದ್ದು, ಜೀವನಾಂಶ, ಮಕ್ಕಳ ವಿಚಾರ ಎಲ್ಲ ಇತ್ಯರ್ಥ ಆಗಿರಬೇಕು. ನಮ್ಮದು ಚಿನ್ನದ ಲೆಕ್ಕವೇ ಮುಗಿಯದೆ ಅದೂ ಆಗಲಿಲ್ಲ. ಜಾತಿಯ ಹಳೆಯ ಪದ್ಧತಿಯಂತೆ ಆದ ಬಿಡುಗಡೆಯನ್ನು ಕಾನೂನು ಒಪ್ಪುತ್ತದೆ, ನಿಜ. ಆದರೆ ಅಂಥ ಪದ್ಧತಿ ಇದೆ ಎಂದು ಸಾಬೀತು ಮಾಡಬೇಕು. ನಮ್ಮಲ್ಲಿ ಇರಲೇ ಇಲ್ಲ.

ಇನ್ನೊಂದು ಮಾತು, ಇದು ನನಗೆ ತುಂಬಾ ನೋವು ಕೊಟ್ಟದ್ದು. ಎರಡನೇ ಸಲ ಕೋರ್ಟಿಗೆ ಬರುವ ಮೊದಲು ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆಯಬಹುದು. ಗಂಡ ಈಗ ದುಬೈಯಲ್ಲಿದ್ದಾರೆ. ನಾವು ಕೋರ್ಟಿಗೆ ಅರ್ಜಿ ಹಾಕಿದಾಗ ಮೊದಲ ಸಲ ಬಂದು ಸಹಿ ಹಾಕಿದರು. ಆಮೇಲೆ ಚಿನ್ನದ ಮಾತು ಬಂದಾಗ "ನಾನು ಬರುವುದಿಲ್ಲ" ಎಂದುಬಿಟ್ಟರು. ಯಾವ ಒಪ್ಪಂದ ಆದರೂ ಅರ್ಜಿಯಲ್ಲೇ ಬರೆಸಿ. ಬಾಯಿಮಾತಿಗೆ ಬಿಡಬೇಡಿ.

ವಕೀಲರ ಫೀಸಿಗೆ ಹೆದರಿ ನನ್ನ ಹಾಗೆ ಅಡ್ಡದಾರಿ ಹಿಡಿಯಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹೆಂಡತಿ ತಾನು ಈಗ ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ!

ನಮ್ಮ ಮುಂದಿನ ದಿನಾಂಕ ಅಷ್ಟಮಿ ಕಳೆದ ಮೇಲೆ. ಅಣ್ಣ ಗಂಡನಿಗೆ ಮೂರು ಸಲ ಫೋನ್ ಮಾಡಿ ಮಾತಾಡಿದ್ದಾನೆ. ರಜೆ ಸಿಕ್ಕಿದರೆ ಬರುತ್ತೇನೆ ಎಂದಿದ್ದಾರಂತೆ.