ನಾಲ್ಕು ಬೇಸಿಗೆ ದಾಟಿದ ಎರಡು ಸಣ್ಣ ಫ್ಯಾನುಗಳು: ನೊಕ್ಟುವಾ ಎನ್‌ಎಫ್-ಎ8 ಬಳಕೆಯ ಅನುಭವ

ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ, ನಡುಮನೆಯ ಟಿವಿಯ ಕೆಳಗಿರುವ ಮರದ ಗೂಡಿನಲ್ಲಿ, ಸಿನಿಮಾ ಮತ್ತು ಸಂಗೀತಕ್ಕೆಂದೇ ಜೋಡಿಸಿಕೊಂಡ ಚಪ್ಪಟೆಯಾದ ಕಂಪ್ಯೂಟರೊಂದಿದೆ. ಅದರ ಪ್ರೊಸೆಸರ್ ಇಂಟೆಲ್ ಐ3-8100. ಪೆಟ್ಟಿಗೆಯ ಹಿಂಬದಿಯಲ್ಲಿ 80 ಮಿ.ಮೀ. ಫ್ಯಾನುಗಳಿಗೆ ಎರಡು ಕಿಂಡಿಗಳಿವೆಯೇ ಹೊರತು, 120 ಮಿ.ಮೀ. ಫ್ಯಾನು ಕೂರುವಷ್ಟು ಎತ್ತರ ಆ ಪೆಟ್ಟಿಗೆಗಿಲ್ಲ. ಆ ಎರಡು ಕಿಂಡಿಗಳಲ್ಲಿ ನಾಲ್ಕು ವರ್ಷಗಳಿಂದ ಓಡುತ್ತಿರುವ ನೊಕ್ಟುವಾ ಎನ್‌ಎಫ್-ಎ8 ಪಿಡಬ್ಲ್ಯುಎಂ (ಅಂದರೆ ಮದರ್‌ಬೋರ್ಡ್ ಕಳಿಸುವ ಸಂಕೇತಕ್ಕೆ ತಕ್ಕಂತೆ ವೇಗ ಬದಲಿಸುವ) ಫ್ಯಾನುಗಳ ಬಗ್ಗೆ ಈ ವಿಮರ್ಶೆ.

ಮೊದಲು ನಮ್ಮೂರಿನ ಹವೆಯ ಮಾತು ಹೇಳಬೇಕು, ಏಕೆಂದರೆ ಫ್ಯಾನಿನ ಆಯ್ಕೆಯಲ್ಲಿ ಅದರದೇ ದೊಡ್ಡ ಪಾತ್ರ. ಏಪ್ರಿಲ್ ತಿಂಗಳ ಸಂಜೆ ನಮ್ಮ ನಡುಮನೆಯ ಒಳಗೇ 36-37 ಡಿಗ್ರಿ ಇರುತ್ತದೆ. ಆಗ ತಲೆಯ ಮೇಲೆ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ ತಿರುಗುತ್ತಿರುವುದರಿಂದ ಕಂಪ್ಯೂಟರಿನ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಡಿಸೆಂಬರಿನ ರಾತ್ರಿ ಸೀಲಿಂಗ್ ಫ್ಯಾನನ್ನು ನಿಲ್ಲಿಸಿ, ಕಿಟಕಿ ಮುಚ್ಚಿ, ಮೆಲುದನಿಯ ದೃಶ್ಯವೊಂದನ್ನು ನೋಡಲು ಕೂತಾಗ ಮಾತ್ರ ಟಿವಿಯ ಕೆಳಗಿನ ಗುಂಯ್‌ಗುಡುವಿಕೆ ಸ್ಪಷ್ಟವಾಗಿ ಕೇಳತೊಡಗುತ್ತದೆ. ತಂಪು ಹೆಚ್ಚು ಬೇಕಾದಾಗ ಸದ್ದು ಲೆಕ್ಕಕ್ಕಿಲ್ಲ, ಸದ್ದು ಲೆಕ್ಕಕ್ಕೆ ಬರುವಾಗ ಅಷ್ಟೊಂದು ತಂಪು ಬೇಕಿಲ್ಲ. ಈ ವಿಚಿತ್ರ ಅನುಕೂಲವನ್ನು ಬಳಸಿಕೊಳ್ಳಬೇಕೆಂದರೆ, ಶಾಖಕ್ಕೆ ತಕ್ಕಂತೆ ವೇಗವನ್ನು ಬಹಳ ಕೆಳಮಟ್ಟಕ್ಕೂ ಇಳಿಸಿಕೊಳ್ಳಬಲ್ಲ, ಹಾಗೆ ಇಳಿದಾಗ ತಡವರಿಸದ ಫ್ಯಾನೇ ಬೇಕು. ಡಬ್ಬಿಯ ಮೇಲೆ ‘ಸೈಲೆಂಟ್’ ಎಂದು ಅಚ್ಚಾಗಿದ್ದರೆ ಸಾಲದು.

ಆ ಪದವನ್ನು ನಂಬಿ ನಾನೊಮ್ಮೆ ಕೆಟ್ಟಿದ್ದೇನೆ. ಪೆಟ್ಟಿಗೆಯ ಜೊತೆ ಬಂದಿದ್ದ ಫ್ಯಾನುಗಳ ಮೊರೆತ ತಾಳಲಾರದೆ, ಬಣ್ಣದ ದೀಪವಿದ್ದ ಅಗ್ಗದ ಜೋಡಿಯೊಂದನ್ನು ಊರಿನಲ್ಲೇ ಕೊಂಡು ತಂದೆ. ಅವು ಸಾಮಾನ್ಯ ಸ್ಲೀವ್ ಬೇರಿಂಗ್ ಫ್ಯಾನುಗಳು, ಅಂದರೆ ಸಣ್ಣ ಕೊಳವೆಯೊಳಗೆ ಎಣ್ಣೆಯ ತೆಳುಪದರದ ಮೇಲೆ ದಂಡ ತಿರುಗುವಂಥವು. ಏಳನೆಯ ತಿಂಗಳಿಗೆ ಎಣ್ಣೆ ಆರಿತೆಂದು ಕಾಣುತ್ತದೆ. ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದೊಡನೆ ಐದು ನಿಮಿಷ ಗರಗರ ಸದ್ದು ಮಾಡಿ, ಬೆಚ್ಚಗಾದ ಮೇಲೆ ಸುಮ್ಮನಾಗುತ್ತಿದ್ದವು. ನಡುವಿನ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದು ತೊಟ್ಟು ಬಿಟ್ಟೆ. ಎರಡು ತಿಂಗಳು ನೆಮ್ಮದಿಯಾಗಿತ್ತು. ಆಮೇಲೆ ಸ್ಟಿಕ್ಕರು ಅಂಟಲಿಲ್ಲ, ಎಣ್ಣೆ ರೆಕ್ಕೆಗಳಿಗೆ ಹರಡಿತು, ಅದರ ಮೇಲೆ ಧೂಳು ಕೂತು ರೆಕ್ಕೆಯ ತೂಕ ಏರುಪೇರಾಗಿ ಇಡೀ ಪೆಟ್ಟಿಗೆ ನಡುಗತೊಡಗಿತು.

ಸಣ್ಣ ಫ್ಯಾನುಗಳಿಗೆ ಹುಟ್ಟಿನಿಂದಲೇ ಒಂದು ತೊಡಕಿದೆ. ಒಂದೇ ಆಕಾರದ ಫ್ಯಾನುಗಳಲ್ಲಿ ಗಾಳಿಯ ಪ್ರಮಾಣವು ವೇಗಕ್ಕೆ ನೇರವಾಗಿಯೂ ವ್ಯಾಸದ ಘನಕ್ಕೆ ಅನುಗುಣವಾಗಿಯೂ ಏರುತ್ತದೆ. ಆದ್ದರಿಂದ 120 ಮಿ.ಮೀ. ಫ್ಯಾನು ನಿಮಿಷಕ್ಕೆ 800 ಸುತ್ತಿನಲ್ಲಿ ತಳ್ಳುವ ಗಾಳಿಯನ್ನು ತಳ್ಳಲು 80 ಮಿ.ಮೀ. ಫ್ಯಾನು ಸುಮಾರು 2700 ಸುತ್ತು ತಿರುಗಬೇಕು. ಏಳು ರೆಕ್ಕೆಯ ಫ್ಯಾನು 800 ಸುತ್ತಿನಲ್ಲಿ ಹೊರಡಿಸುವ ಸ್ವರ ಸುಮಾರು 93 ಹರ್ಟ್ಸ್‌ನದು, ಅದು ಗೋಡೆಯಾಚೆಯ ಗೊಣಗಾಟದಂತೆ ಇರುತ್ತದೆ. 2700 ಸುತ್ತಿನಲ್ಲಿ ಅದೇ 315 ಹರ್ಟ್ಸ್‌ಗೆ ಏರಿ, ಮನುಷ್ಯರು ಮಾತಾಡುವ ದನಿಯ ನಡುವೆಯೇ ಬಂದು ಕೂರುತ್ತದೆ. ಇದಕ್ಕೆ ಇರುವ ಸಮಾಧಾನವೆಂದರೆ, ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಆದರೆ ಒಂದರ ಬದಲು ಅಂಥವೇ ಎರಡು ಫ್ಯಾನು ಹಾಕಿದರೆ ಏರುವುದು 3 ಡೆಸಿಬೆಲ್ ಮಾತ್ರ. ಒಂದನ್ನು 1600ರಲ್ಲಿ ಓಡಿಸುವುದಕ್ಕಿಂತ ಎರಡನ್ನು 800ರಲ್ಲಿ ಓಡಿಸಿದರೆ 12 ಡೆಸಿಬೆಲ್ ಉಳಿತಾಯವಾಗುತ್ತದೆ. ‘ಎರಡು ಫ್ಯಾನು ಹಾಕಿದರೆ ಎರಡು ಪಟ್ಟು ಸದ್ದು’ ಎಂದು ಅಂಗಡಿಗಳಲ್ಲಿ ಹೇಳುವುದನ್ನು ನಾನೂ ಬಹಳ ದಿನ ನಂಬಿದ್ದೆ.

ಆಸ್ಟ್ರಿಯಾ ಮೂಲದ ನೊಕ್ಟುವಾ ಕಂಪನಿ ಎನ್‌ಎಫ್-ಎ8 ಪಿಡಬ್ಲ್ಯುಎಂಗೆ ಕೊಟ್ಟಿರುವ ಅಂಕಿಗಳು ಹೀಗಿವೆ: ಗರಿಷ್ಠ 2200 ಸುತ್ತು, ಆಗಿನ ಸದ್ದು 17.7 ಡೆಸಿಬೆಲ್, ಕನಿಷ್ಠ ವೇಗ ಸುಮಾರು 450 ಸುತ್ತು, ವಾರಂಟಿ 6 ವರ್ಷ. ಬೇರೆ ಬೇರೆ ಕಂಪನಿಗಳು ಡೆಸಿಬೆಲ್ ಅಳೆಯುವ ಬಗೆ ಒಂದೇ ಅಲ್ಲವಾದ್ದರಿಂದ ಆ ಅಂಕಿಯನ್ನು ನಾನು ಹೋಲಿಕೆಗೆ ತೆಗೆದುಕೊಳ್ಳಲಿಲ್ಲ. ನನ್ನನ್ನು ಒಪ್ಪಿಸಿದ್ದು 450ರಿಂದ 2200ರವರೆಗಿನ ಹರವು ಮತ್ತು ಆರು ವರ್ಷದ ವಾರಂಟಿ. ಬೆಲೆಯಂತೂ ಮೂರು ಸಾಮಾನ್ಯ ಫ್ಯಾನುಗಳಷ್ಟು. ಕೈ ಬಿಗಿಯಿದ್ದವರಿಗೆ ಆರ್ಕ್ಟಿಕ್ ಪಿ8 ಪಿಡಬ್ಲ್ಯುಎಂ ಇದೆ, ಬಹಳ ಅಗ್ಗ. ಬಣ್ಣದ ವಿಷಯದಲ್ಲಿ ಮಾತ್ರ, ಬೆಲ್ಲದ ಪಾಕಕ್ಕೆ ಕಾಫಿ ಸುರಿದಂಥ ಈ ಕಂದನ್ನು ನೋಡಿ ಮನೆಯವರು ನಕ್ಕರು. ಪೆಟ್ಟಿಗೆಯ ಹಿಂದೆ ಯಾರು ಇಣುಕುತ್ತಾರೆಂದು ನಾನು ಸುಮ್ಮನಾದೆ.

ಫ್ಯಾನಿನಷ್ಟೇ ಮುಖ್ಯವಾದದ್ದು ಅದನ್ನು ಕೂರಿಸುವ ಕೆಲಸ ಎಂಬುದು ಜೋಡಿಸುವಾಗ ತಿಳಿಯಿತು. ನನ್ನ ಪೆಟ್ಟಿಗೆಯ ಕಿಂಡಿಗಳಿಗೆ ಜಾಲರಿಯಂತೆ ತಗಡನ್ನೇ ತೂತು ಹೊಡೆದು ಬಿಟ್ಟಿದ್ದರು. ರೆಕ್ಕೆಯಿಂದ ಹೊರಟ ಗಾಳಿ ಆ ತಗಡಿಗೆ ಬಡಿದು ಸುಯ್‌ಗುಡುತ್ತಿತ್ತು. ತಗಡಿನ ಕತ್ತರಿಯಿಂದ ಅದನ್ನು ದುಂಡಗೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ತಂತಿಯ ಬಲೆ ಹಾಕಿದ ಮೇಲೆ ಅದೇ ವೇಗದಲ್ಲಿ ಸುಯ್‌ಗುಟ್ಟುವಿಕೆ ಹೆಚ್ಚುಕಡಿಮೆ ಮಾಯವಾಯಿತು. ಸ್ಕ್ರೂಗಳ ಬದಲು ಫ್ಯಾನಿನ ಜೊತೆಗೇ ಬರುವ ರಬ್ಬರ್ ಕಡ್ಡಿಗಳನ್ನು ಬಳಸಿದ್ದರಿಂದ ನಡುಕ ಮರದ ಗೂಡಿಗೆ ದಾಟುವುದು ನಿಂತಿತು. ಮರದ ಗೂಡೆಂದರೆ ತಬಲೆಯ ಹೊಟ್ಟೆಯಿದ್ದಂತೆ, ಸಣ್ಣ ನಡುಕವನ್ನೂ ದೊಡ್ಡದಾಗಿ ಕೇಳಿಸುತ್ತದೆ. ಕೊನೆಗೆ ಊದುಬತ್ತಿ ಹಚ್ಚಿ ಪೆಟ್ಟಿಗೆಯ ಸುತ್ತ ಹಿಡಿದು ನೋಡಿದೆ. ಹಿಂಬದಿಯಿಂದ ಹೊರಬಂದ ಬಿಸಿಗಾಳಿ ಗೂಡಿನ ಬೆನ್ನುಹಲಗೆಗೆ ತಾಗಿ, ಪಕ್ಕದಿಂದ ಸುತ್ತಿ, ಮುಂಬದಿಯ ಕಿಂಡಿಗಳಿಂದ ಮತ್ತೆ ಒಳಗೆ ಹೋಗುತ್ತಿರುವುದು ಹೊಗೆಯ ಎಳೆಯಲ್ಲಿ ಕಣ್ಣಿಗೆ ಕಂಡಿತು. ಬಡಗಿಯನ್ನು ಕರೆಸಿ ಬೆನ್ನುಹಲಗೆಯಲ್ಲಿ ಒಂದಡಿ ಅಗಲದ ಕಿಂಡಿ ಕೊರೆಸಿದೆ. ಸಿಪಿಯುವಿನ ಶಾಖ ಅದೊಂದರಿಂದಲೇ 6 ಡಿಗ್ರಿ ಇಳಿಯಿತು.

ನನ್ನ ಮದರ್‌ಬೋರ್ಡಿನಲ್ಲಿ ಪೆಟ್ಟಿಗೆಯ ಫ್ಯಾನಿಗೆ ಇರುವುದು ಒಂದೇ ನಾಲ್ಕು ಪಿನ್ನಿನ ಜಾಗ. ಡಬ್ಬಿಯಲ್ಲೇ ಬರುವ ಕವಲು ಕೇಬಲ್ಲಿನಿಂದ ಎರಡನ್ನೂ ಅಲ್ಲಿಗೆ ಸೇರಿಸಿ, ಪ್ರೊಸೆಸರಿನ ಶಾಖ 45 ಡಿಗ್ರಿಯಾಗುವವರೆಗೆ 600 ಸುತ್ತು, ಅಲ್ಲಿಂದ ನಿಧಾನವಾಗಿ ಏರಿ 70 ಡಿಗ್ರಿಗೆ 1500 ಸುತ್ತು ಎಂದು ಬಯಾಸ್‌ನಲ್ಲಿ, ಅಂದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿ, ಹೊಂದಿಸಿದೆ. ಈ ಪ್ರೊಸೆಸರು 10 ಬಿಟ್ ಎಚ್‌ಇವಿಸಿ ಎಂಬ ಬಗೆಯಲ್ಲಿ ಕುಗ್ಗಿಸಿಟ್ಟ ವಿಡಿಯೊವನ್ನು ಗ್ರಾಫಿಕ್ಸ್ ಭಾಗದಲ್ಲೇ ಬಿಡಿಸುವುದರಿಂದ ಸಿನಿಮಾ ನೋಡುವಾಗ ಅದಕ್ಕೆ ಬೀಳುವ ಹೊರೆ ಕಡಿಮೆ. ಚಳಿಗಾಲದಲ್ಲಿ ಅದು 41 ಡಿಗ್ರಿ ದಾಟದು, ಫ್ಯಾನುಗಳು 600ರಲ್ಲೇ ಇರುತ್ತವೆ, ಮೂರಡಿ ದೂರದಿಂದ ಅವು ಓಡುತ್ತಿವೆಯೇ ಎಂದು ಕೈಯೊಡ್ಡಿ ನೋಡಬೇಕು. ಕಡುಬೇಸಿಗೆಯಲ್ಲಿ 58 ಡಿಗ್ರಿ, ಸುಮಾರು 1050 ಸುತ್ತು. ಕವಲು ಕೇಬಲ್ಲಿನ ಬಗ್ಗೆ ಒಂದು ಎಚ್ಚರಿಕೆಯಿದೆ. ಅದು ಮದರ್‌ಬೋರ್ಡಿಗೆ ತಿಳಿಸುವುದು ಒಂದೇ ಫ್ಯಾನಿನ ವೇಗವನ್ನು. ನಾನೇ ಸರಿಯಾಗಿ ಕಟ್ಟದೆ ಬಿಟ್ಟಿದ್ದ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಘಟಕ) ವಯರೊಂದು ಎರಡನೆಯ ಫ್ಯಾನಿನ ರೆಕ್ಕೆಗೆ ಸಿಕ್ಕಿ ಅದು ಎಂಟು ದಿನ ನಿಂತಿದ್ದರೂ ಪರದೆಯ ಮೇಲೆ ಎಲ್ಲವೂ ಸರಿಯಿದೆ ಎಂದೇ ಕಾಣುತ್ತಿತ್ತು.

ಧೂಳಿಗೆ ನಮ್ಮೂರಿನಲ್ಲಿ ಬರವಿಲ್ಲ. ನಮ್ಮ ಮನೆಯಲ್ಲಿ ಬೀಳುವುದು ಒಣ ಧೂಳು, ಬ್ರಷ್ಷಿಗೆ ಬರುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿರುವ ಗೆಳೆಯರೊಬ್ಬರ ಕಂಪ್ಯೂಟರನ್ನು ಬಿಚ್ಚಿದಾಗ ಮಸಿ ಬೆರೆತ ಧೂಳು ರೆಕ್ಕೆಗೆ ಅಂಟಿಕೊಂಡಿತ್ತು, ಒದ್ದೆ ಬಟ್ಟೆಯಿಂದ ಒರೆಸಬೇಕಾಯಿತು. ನಾನು ಮುಂಬದಿಯ ಕಿಂಡಿಗಳಿಗೆ ಹಳೆಯ ಸೊಳ್ಳೆ ಪರದೆಯ ತುಂಡನ್ನು ಒಂದೇ ಪದರ ಕಟ್ಟಿದ್ದೇನೆ, ಶಾಖ 2 ಡಿಗ್ರಿ ಏರಿದರೂ ಅದು ಲಾಭದ ವ್ಯಾಪಾರವೇ. ಯುಗಾದಿಗೆ ಮೊದಲೊಮ್ಮೆ, ದೀಪಾವಳಿಗೊಮ್ಮೆ ಬಿಚ್ಚಿ ಶುಚಿ ಮಾಡುತ್ತೇನೆ. ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು, ಇಲ್ಲವಾದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗಿಗೆ ಪೆಟ್ಟಾಗಬಹುದು.

ಫ್ಯಾನುಗಳು ಸುಮ್ಮನಾದ ಮೇಲೆ ಅಲ್ಲಿಯವರೆಗೆ ಅಡಗಿದ್ದ ಸದ್ದುಗಳು ಹೊರಬಂದವು. ಮೊದಲು ಕೇಳಿದ್ದು ಎಸ್‌ಎಂಪಿಎಸ್‌ನ ಒಳಗಿನ ಫ್ಯಾನು, ಅದರ ನಂತರ ಹಾರ್ಡ್‌ಡಿಸ್ಕಿನ ಝೇಂಕಾರ. ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದೆ. ಎಸ್‌ಎಂಪಿಎಸ್ ಇನ್ನೂ ಹಳೆಯದೇ, ಈ ಚಳಿಗಾಲಕ್ಕೆ ಅದರ ಸರದಿ.

ನಾಲ್ಕು ವರ್ಷಗಳಲ್ಲಿ ಎರಡು ಫ್ಯಾನುಗಳ ಬೇರಿಂಗ್ ಒಮ್ಮೆಯೂ ಸದ್ದು ಮಾಡಿಲ್ಲ. ಪೆಟ್ಟಿಗೆಯಲ್ಲಿ 120 ಮಿ.ಮೀ.ಗೆ ಜಾಗವಿರುವವರು ಇಷ್ಟು ಹಣ ಸುರಿಯಬೇಕಾಗಿಲ್ಲ, ಸಾಧಾರಣ ದೊಡ್ಡ ಫ್ಯಾನೇ ನಿಧಾನವಾಗಿ ತಿರುಗಿ ಕೆಲಸ ಮುಗಿಸುತ್ತದೆ. ಹಾಳಾದದ್ದು ಒಂದೇ: ಕಳೆದ ದೀಪಾವಳಿಯ ಶುಚಿಗೆಲಸದಲ್ಲಿ ನಾನು ಅವಸರದಿಂದ ಎಳೆದಾಗ ಎಡಗಡೆಯ ಫ್ಯಾನಿನ ರಬ್ಬರ್ ಕಡ್ಡಿಯೊಂದು ಹರಿಯಿತು. ಅದು ಅಂದಿನಿಂದ ಮೂರು ಕಡ್ಡಿಗಳ ಮೇಲೆಯೇ ನಿಂತು ತಿರುಗುತ್ತಿದೆ.